ಜುಲೈ ತಿಂಗಳ ಹುಲ್ಲು

ಬೊಂಗಿಮ್ ಅಕ್ಕ ಯಾರನ್ನೂ ಏನನ್ನೂ ಕೇಳುವವಳಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದೂ ಕೇಳುವುದಿಲ್ಲ. ಬೋರ್ಡು ಓದಿ ಹತ್ತುತ್ತಾಳೆ, ತಪ್ಪಾದರೆ ಇಳಿದು ನಡೆಯುತ್ತಾಳೆ. ಮೀನಿನ ಅಂಗಡಿಯಲ್ಲಿ ದರ ಕೇಳುವುದಿಲ್ಲ. ಮುಂದಿನವಳು ಎಷ್ಟು ಕೊಟ್ಟಳೆಂದು ನೋಡಿ ತಾನೂ ಅಷ್ಟೇ ಕೊಡುತ್ತಾಳೆ. ಕೆಲವರು ಇದನ್ನು ಜಂಬ ಎನ್ನುತ್ತಾರೆ, ಕೆಲವರು ಪೆದ್ದುತನ ಎನ್ನುತ್ತಾರೆ. ಎರಡೂ ಅಲ್ಲ. ಅದು ಗಿರಣಿಯಲ್ಲಿ ಹತ್ತಿದ ಅಭ್ಯಾಸ. ನಮಗೆಲ್ಲ ಅದನ್ನು ಹತ್ತಿಸಿದವಳೂ ಅವಳೇ.

ಇಂಚೊನ್ ಪಟ್ಟಣದ ನೂಲಿನ ಗಿರಣಿಯಲ್ಲಿ ನಾವು ಸಂಘ ಕಟ್ಟುತ್ತಿದ್ದಾಗ ಅಕ್ಕನಿಗೆ ಇಪ್ಪತ್ತೊಂದು, ನನಗೆ ಹತ್ತೊಂಬತ್ತು. ಯೊನ್ಶಿಲ್ ಎನ್ನುವವಳಿಗೆ ಹದಿನೇಳು. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಹನ್ನೊಂದು ಜನ, ಮಲಗಿದರೆ ಒಬ್ಬಳ ಮೊಣಕೈ ಇನ್ನೊಬ್ಬಳ ಮೂಗಿಗೆ. ಯೊನ್ಶಿಲ್ ಅಕ್ಕನ ಪಕ್ಕದ ಜಾಗ ಹಿಡಿದಿದ್ದಳು. ಸಂಘಕ್ಕೆ ಸೇರಿದ ಮೊದಲ ವಾರ ಆ ಹುಡುಗಿ ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಿದ್ದಳು. ಕರಪತ್ರ ಎಲ್ಲಿ ಅಚ್ಚಾಗುತ್ತೆ, ಪಾಠ ಮಾಡಲು ಬರುವ ಆ ಕನ್ನಡಕದ ಅಣ್ಣನ ನಿಜವಾದ ಹೆಸರೇನು, ಮುಂದಿನ ಸಭೆ ಯಾವತ್ತು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿಕೊಂಡು ಅಕ್ಕ ಹೇಳಿದಳು: "ಲೇ ಯೊನ್ಶಿಲ್, ಇವತ್ತಿಂದ ಬಾಯಿಗೆ ಬೀಗ. ಸಂಗಾತಿನ ಏನೂ ಕೇಳಬಾರದು. ಅವಳೇ ಹೇಳಿದಷ್ಟು ಕೇಳಿಸ್ಕೋ. ಗೊತ್ತಿಲ್ಲದ್ದನ್ನ ಯಾವ ಪೊಲೀಸಪ್ಪ ಒದ್ರೂ ಕಕ್ಕಕ್ಕೆ ಆಗಲ್ಲ. ಹೆಚ್ಚಿಗೆ ಕೇಳೋಳು ಒಂದೋ ಅವರ ಕಡೆಯೋಳು, ಇಲ್ಲ ತಲೇಲಿ ಹತ್ತಿ ತುಂಬಿದೋಳು."

"ನಂಬಿಕೆ ಇಲ್ದೆ ಹೋದ್ರೆ, ಅಕ್ಕಾ?"

"ನಂಬಿಕೆ ಇಲ್ದೋರ ಜೊತೆ ಯಾಕೆ ಮಲಗಿದ್ದೀಯೇ? ಎದ್ದು ಬೇರೆ ಕೋಣೆಗೆ ಹೋಗು."

ಕರಪತ್ರ ಅಚ್ಚು ಹಾಕುವ ಕೆಲಸ ಆಮೇಲೆ ಯೊನ್ಶಿಲ್‌ಗೇ ಬಂತು. ಆ ವರ್ಷ ಚಳಿಗಾಲದಲ್ಲಿ ಪೊಲೀಸರು ಅಕ್ಕನನ್ನು ಗಿರಣಿಯ ಬಾಗಿಲಲ್ಲೇ ಎತ್ತಿಕೊಂಡು ಹೋದರು. ಅವರಿಗೆ ಬೇಕಾಗಿದ್ದದ್ದು ಒಂದೇ ಹೆಸರು, ಅಚ್ಚು ಹಾಕಿದವಳದ್ದು. ಮೂರು ದಿನ ಇಟ್ಟುಕೊಂಡರು. ಅಕ್ಕ ಹೊರಗೆ ಬಂದಾಗ ಎಡ ದವಡೆಯ ಎರಡು ಹಲ್ಲು ಇರಲಿಲ್ಲ. ಯೊನ್ಶಿಲ್ ಅದೇ ಮೂರು ದಿನ ಪಾಳಿ ತಪ್ಪಿಸದೆ ಕೆಲಸಕ್ಕೆ ಹೋಗಿ ಬಂದಿದ್ದಳು. ಅಲ್ಲಿ ಏನಾಯಿತು ಎಂದು ನಾವು ಕೇಳಲಿಲ್ಲ. ಅಕ್ಕ ಹೇಳಲಿಲ್ಲ. ಯೊನ್ಶಿಲ್ ಥ್ಯಾಂಕ್ಸ್ ಅನ್ನಲಿಲ್ಲ. ಅದೂ ನಮ್ಮ ರೂಢಿಯಲ್ಲಿ ಸರಿಯೇ.

ಅಲ್ಲಿಂದ ಮುಂದಿನದು ನಮ್ಮಂಥ ಎಲ್ಲರ ಕಥೆ. ಕೆಲಸದಿಂದ ತೆಗೆದರು, ಹೆಸರನ್ನು ಕಪ್ಪುಪಟ್ಟಿಗೆ ಹಾಕಿ ಎಲ್ಲ ಗಿರಣಿಗಳಿಗೂ ಹಂಚಿದರು. ಅಕ್ಕ ಹೋಟೆಲಿನಲ್ಲಿ ತಟ್ಟೆ ತೊಳೆದಳು, ಆಸ್ಪತ್ರೆಯಲ್ಲಿ ರೋಗಿಗಳ ಮಲ ಬಳಿದಳು, ಮದುವೆಯಾಗಲಿಲ್ಲ. ಗಿರಣಿಯ ಹತ್ತಿಧೂಳು ಮಾತ್ರ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಎದೆಯೊಳಗೆ ಕೂತೇ ಇತ್ತು. ಐವತ್ತು ದಾಟಿದ ಮೇಲೆ ಉಬ್ಬಸ ಹೆಚ್ಚಾಯಿತು. ಅವಳು ಇದ್ದದ್ದು ಒಂದು ನಾಲ್ಕಂತಸ್ತಿನ ಕಟ್ಟಡದ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆಯಲ್ಲಿ. ಬೇಸಿಗೆಯಲ್ಲಿ ಆ ತಾರಸಿ ಕಾದ ಕಾವಲಿ. ಹೆಜ್ಜೆಯಿಟ್ಟರೆ ಚಪ್ಪಲಿಯ ತಳ ಅಂಟುತ್ತಿತ್ತು. ಒದ್ದೆ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡು ಬಾಗಿಲಲ್ಲಿ ಕೂತು, ಬಾಯಿ ತೆರೆದು ಉಸಿರೆಳೆಯುವಳು. ನೀರಿನಿಂದ ಎತ್ತಿ ಹಾಕಿದ ಮೀನಿನ ಹಾಗೆ.

"ಒಂದು ತಣ್ಣಗಿರೋ ಜಾಗದಲ್ಲಿ ಸಾಯಬೇಕು ಕಣೇ ಗುನ್ಜಾ," ಎಂದಳು ಒಮ್ಮೆ ನನ್ನ ಹತ್ತಿರ.

"ಸಾಯೋದಕ್ಕೆ ತಣ್ಣಗಿದ್ರೆ ಏನು, ಬಿಸಿ ಇದ್ರೆ ಏನು?"

"ಸರಿ, ಬದುಕಬೇಕು ಅಂತಿಟ್ಕೋ. ಬಾಯಿ ಮುಚ್ಚು."

ಮೂವತ್ತು ವರ್ಷ ಕಳೆದ ಮೇಲೆ ಸರ್ಕಾರಕ್ಕೆ ನಮ್ಮ ನೆನಪಾಗಿತ್ತು. ಅನ್ಯಾಯವಾಗಿ ಕೆಲಸ ಕಳೆದುಕೊಂಡವರಿಗೆ ಎಂದು ಒಂದಿಷ್ಟು ಪರಿಹಾರ ಕೊಟ್ಟಿತು. ನಾನು ಅದರಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡೆ, ಉಳಿದದ್ದನ್ನು ತಿಂದು ಮುಗಿಸಿದೆ. ಅಕ್ಕ ಒಂದು ಕಾಸನ್ನೂ ಮುಟ್ಟಲಿಲ್ಲ. ಆ ದುಡ್ಡು ಬ್ಯಾಂಕಿನಲ್ಲಿ ಕೂತಿತ್ತು. ಅವಳ ಎರಡು ಹಲ್ಲು ಅಲ್ಲಿ ಜಮಾ ಆಗಿವೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಪ್ರತಿ ವರ್ಷ ವಸಂತದಲ್ಲಿ ಹಳೇ ಸಂಘದವರು ಒಂದು ಹೋಟೆಲಿನಲ್ಲಿ ಸೇರಿ ಊಟ ಮಾಡುತ್ತೇವೆ. ಆ ಸಲ ಯೊನ್ಶಿಲ್ ಹದಿನೈದು ವರ್ಷದ ಮೇಲೆ ಬಂದಳು. ಗುಂಗುರು ಮಾಡಿಸಿದ ಕೂದಲು, ಬಿಸಿಲಿಗೆ ಅಗಲ ಅಂಚಿನ ಟೋಪಿ, ಹೊರಗೆ ಹನ್ನೆರಡು ಸೀಟಿನ ಬಿಳೀ ವ್ಯಾನು. ಬಂದವಳೇ ಅಕ್ಕನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು, ಹಾಸ್ಟೆಲ್ಲಿನಲ್ಲಿ ಮಾಡಿಕೊಂಡ ಹಾಗೇ. ಅಕ್ಕನ ತಟ್ಟೆಯ ಮೀನಿನ ಮುಳ್ಳು ತೆಗೆದು ಕೊಟ್ಟಳು.

"ಅಕ್ಕಾ, ಈ ಉಸಿರಲ್ಲಿ ಇಂಚೊನ್‌ನಲ್ಲಿ ಹೇಗಿದ್ದೀಯಾ? ನಾನೀಗ ಗಾಂಗ್ವೊನ್ ಬೆಟ್ಟದ ಮೇಲೆ ಜಾಗ ಮಾರ್ತೀನಿ. ಸೊರಿಜೆ ಅಂತ ಊರು. ಸಮುದ್ರಮಟ್ಟದಿಂದ ಏಳ್ನೂರು ಮೀಟರು. ಆಗಸ್ಟ್‌ನ ಉರಿಬೇಸಿಗೇಲೂ ಕಂಬಳಿ ಬೇಕು, ಸೊಳ್ಳೆ ಒಂದಿಲ್ಲ. ಹೊರಗಿನೋರಿಗೆ ನಾನು ಒಂದು ದರ ಹೇಳ್ತೀನಿ. ನಿನಗಲ್ಲ."

ಅಕ್ಕ ಏನೂ ಕೇಳಲಿಲ್ಲ. "ಹೋಗಣ" ಎಂದಳು, ಅಷ್ಟೇ.

*

ಜುಲೈ ಕೊನೆಯ ವಾರ ಹೋದೆವು. ಅಕ್ಕ, ನಾನು, ವ್ಯಾನು ಓಡಿಸುತ್ತಾ ಯೊನ್ಶಿಲ್. ಸುರಂಗದ ಮೇಲೆ ಸುರಂಗ ದಾಟಿ ಮೇಲೆ ಹತ್ತುತ್ತಿದ್ದ ಹಾಗೆ ಗಾಳಿ ಬದಲಾಯಿತು. ಯೊನ್ಶಿಲ್ ಏಸಿ ಆರಿಸಿ ಕಿಟಕಿ ಇಳಿಸಿದಳು. ಮೂಳೆಗೇ ತಾಗುವ ತಂಪು. ಇಳಿಜಾರಿನ ಉದ್ದಕ್ಕೂ ಎಲೆಕೋಸು, ಸಾಲಿನ ಮೇಲೆ ಸಾಲು, ಗುಡ್ಡದ ನೆತ್ತಿಯವರೆಗೆ. ನೆತ್ತಿಯ ಮೇಲೆ ಗಾಳಿಯಂತ್ರದ ರೆಕ್ಕೆಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಅಕ್ಕ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಎಷ್ಟೋ ತಿಂಗಳಾದ ಮೇಲೆ ಅವಳ ಬಾಯಿ ಮುಚ್ಚಿತ್ತು, ಮೂಗಿನಲ್ಲಿ ಉಸಿರಾಡುತ್ತಿದ್ದಳು. ನಾನು ಅದನ್ನು ನೋಡಿದೆ. ಕನ್ನಡಿಯಲ್ಲಿ ಯೊನ್ಶಿಲ್ ಕೂಡ ನೋಡಿದಳು.

ಮಧ್ಯಾಹ್ನ ಹುರುಳಿಯ ಥರದ ಕಪ್ಪು ಧಾನ್ಯದ ತಣ್ಣನೆ ಶ್ಯಾವಿಗೆ ತಿನ್ನಿಸಿದಳು. ಆಮೇಲೆ ಎಲೆಕೋಸಿನ ಹೊಲಗಳ ನಡುವಿನ ಸಿಮೆಂಟ್ ದಾರಿಯಲ್ಲಿ ಏರಿ ಒಂದು ತಿರುವಿನಲ್ಲಿ ವ್ಯಾನು ನಿಲ್ಲಿಸಿದಳು. ದಾರಿಯ ಕೆಳಗೆ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು, ಹಿಂದೆ ಪೈನ್ ಮರದ ಗುಡ್ಡ, ಎದುರಿಗೆ ಬೆಟ್ಟದ ಹಿಂದೆ ಬೆಟ್ಟ. ಜಾಗವೆಲ್ಲ ಎದೆಮಟ್ಟದ ಹುಲ್ಲು, ಮಾಚಿಪತ್ರೆ, ಬಿಳೀ ಕಾಡುಹೂವು. ಗಾಳಿ ಬಂದರೆ ಇಡೀ ಇಳಿಜಾರು ನೀರಿನ ಹಾಗೆ ತುಳುಕುತ್ತಿತ್ತು.

ಅಕ್ಕ ದಾರಿಯಿಂದ ಕೆಳಗೆ ಕಾಲಿಟ್ಟಳು. ಯೊನ್ಶಿಲ್ ಓಡಿಬಂದು ತೋಳು ಹಿಡಿದಳು.

"ಅಯ್ಯೋ, ಇಳಿಬೇಡ ಅಕ್ಕಾ! ಈ ತಿಂಗಳು ಹಾವು ಜಾಸ್ತಿ, ಹೋದ ವಾರ ಒಬ್ಬನಿಗೆ ಕಚ್ಚಿದೆ. ಇಲ್ಲಿಂದಲೇ ಪೂರ್ತಿ ಕಾಣುತ್ತಲ್ಲ. ನೋಡು, ಅಲ್ಲಿ ಮಧ್ಯದಲ್ಲಿ ಕೊಂಚ ಉಬ್ಬಿದ ಹಾಗಿದೆಯಲ್ಲ, ಅಲ್ಲೇ ಮನೆ ಬರಬೇಕು. ಮಳೆ ನೀರು ನಿಲ್ಲಲ್ಲ. ಬೆನ್ನಿಗೆ ಗುಡ್ಡ, ಎದೆಗೆ ಬಿಸಿಲು."

"ಆ ಉಬ್ಬಿರೋ ಕಡೆನಾ," ಅಂದಳು ಅಕ್ಕ. ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದಳು. "ಒಂದೇ ಕೋಣೆ ಸಾಕು. ಈ ಕಡೆ ಸೋಯಾ ಗೊಜ್ಜಿನ ಜಾಡಿಗಳ ಕಟ್ಟೆ. ಕೆಳಗೆ ಎರಡು ಪಾತಿ ಆಲೂಗಡ್ಡೆ. ಗುನ್ಜಾ, ನೀನು ಬೇಸಿಗೇಲಿ ಬಾ. ಆದ್ರೆ ಗೊರಕೆ ಹೊಡಿಯೋ ಹಾಗಿಲ್ಲ."

"ನಿನ್ನ ಉಬ್ಬಸದ ಮುಂದೆ ನನ್ನ ಗೊರಕೆ ಜೋಗುಳ," ಎಂದೆ.

ತಿರುವಿನ ಕೆಳಗೆ ಒಬ್ಬ ಮುದುಕ ಛತ್ರಿಯ ನೆರಳಿನಲ್ಲಿ ಕೂತು ಬೇಯಿಸಿದ ಜೋಳದ ತೆನೆ ಮಾರುತ್ತಿದ್ದ. ಯೊನ್ಶಿಲ್ ಫೋನಿನಲ್ಲಿ ಮಾತಾಡುತ್ತಾ ವ್ಯಾನಿನ ಆಚೆ ಹೋದಾಗ ನಾವಿಬ್ಬರೂ ಅವನ ಹತ್ತಿರ ತೆನೆ ಕೊಂಡೆವು. ಮುದುಕ ನಮ್ಮನ್ನೂ ಆ ಹುಲ್ಲಿನ ಇಳಿಜಾರನ್ನೂ ಬಾರಿ ಬಾರಿ ನೋಡಿದ. "ಆ ಜಾಗ ನೋಡಕ್ಕೆ ಬಂದ್ರಾ?" ಎಂದ. ಕೇಳಿದರೆ ಹೇಳುತ್ತೇನೆ ಎನ್ನುವ ಹಾಗೆ ಕಾದು ಕೂತ.

ನಮ್ಮ ದೇಶದಲ್ಲಿ ಗುಡ್ಡದ ನೆಲ ಕೊಳ್ಳುವ ಯಾವ ಅಜ್ಜಿಯಾದರೂ ಮೊದಲು ಕೇಳುವ ಪ್ರಶ್ನೆ ಒಂದಿದೆ. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. "ಯಜಮಾನ್ರೇ, ಅಲ್ಲಿ..." ಎಂದು ಶುರು ಮಾಡಿದೆನೋ ಇಲ್ಲವೋ, ಅಕ್ಕ ನನ್ನ ತೊಡೆಯನ್ನು ಬಲವಾಗಿ ಚಿವುಟಿದಳು.

"ಸಂಗಾತಿ ಬೆನ್ನ ಹಿಂದೆ ವಿಚಾರಣೆ ಮಾಡ್ತೀಯೇನೇ?" ಎಂದಳು ಹಲ್ಲು ಕಚ್ಚಿ. "ಹೇಳಬೇಕಾದ್ದು ಇದ್ರೆ ಅವಳೇ ಹೇಳ್ತಾಳೆ."

ನಾನು ಬಾಯಿ ಮುಚ್ಚಿ ತೆನೆ ತಿಂದೆ. ಆ ದಿನದ ನನ್ನ ಪಾಲಿನ ತಪ್ಪು ಅದು. ಚಿವುಟಿದ ನೋವು ಒಂದು ಗಂಟೆಯಲ್ಲಿ ಹೋಯಿತು. ನಾನು ಆ ಪ್ರಶ್ನೆಯನ್ನು ಪೂರ್ತಿ ಮಾಡಬಹುದಾಗಿತ್ತು.

ಆ ವಾರವೇ ಕಾಗದಪತ್ರ ಆಯಿತು. ಮುನ್ನೂರು ಪ್ಯೊಂಗ್ ನೆಲ, ಅಂದರೆ ಕಾಲು ಎಕರೆ. ಪರಿಹಾರದ ದುಡ್ಡು ಪೂರ್ತಿ ಹೋಯಿತು. ಸಹಿ ಮಾಡುವಾಗ ಅಕ್ಕ ಕಾಗದ ಓದಲಿಲ್ಲ. "ಓದು ಅಕ್ಕಾ," ಎಂದು ಯೊನ್ಶಿಲ್ ತಾನಾಗಿಯೇ ಹೇಳಿದಳು, ಓದುವುದಿಲ್ಲ ಎಂದು ಗೊತ್ತಿದ್ದವಳ ದನಿಯಲ್ಲಿ.

*

ನಮ್ಮಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬರುವ ಚುಸೊಕ್ ಎಂಬ ಸುಗ್ಗಿ ಹಬ್ಬಕ್ಕೆ ಎರಡು ವಾರ ಮುಂಚೆ ಎಲ್ಲರೂ ಹಿರಿಯರ ಗೋರಿಗಳ ಮೇಲಿನ ಹುಲ್ಲು ಕೊಯ್ಯಲು ಹೋಗುತ್ತಾರೆ. ಬೇಸಿಗೆಯ ಮಳೆಗೆ ಬೆಳೆದ ಹುಲ್ಲು ಗೋರಿಯ ಮಣ್ಣಿನ ದಿಬ್ಬವನ್ನು ನುಂಗಿಬಿಟ್ಟಿರುತ್ತದೆ. ಅದನ್ನು ತಲೆ ಬೋಳಿಸಿದ ಹಾಗೆ ನುಣ್ಣಗೆ ಮಾಡದೆ ಹಬ್ಬ ಮಾಡಿದರೆ ಆ ಮನೆಯವರನ್ನು ಊರು ಉಗಿಯುತ್ತದೆ. ಆ ಶನಿವಾರ, ಭಾನುವಾರ ಬೆಟ್ಟದ ದಾರಿಗಳಲ್ಲೆಲ್ಲ ಕಾರು, ಗುಡ್ಡದ ತುಂಬಾ ಹುಲ್ಲು ಕೊಚ್ಚುವ ಯಂತ್ರದ ಸದ್ದು.

ಅಂಥ ಒಂದು ಶನಿವಾರ ಬೆಳಿಗ್ಗೆ ನಾವು ಬಸ್ಸಿನಲ್ಲಿ ಸೊರಿಜೆಗೆ ಹೋದೆವು. ಅಕ್ಕನ ಚೀಲದಲ್ಲಿ ಹಗ್ಗ, ನಾಲ್ಕು ಮರದ ಗೂಟ, ಒಂದು ಸುತ್ತಿಗೆ. ಮನೆಯ ನಾಲ್ಕು ಮೂಲೆಗೆ ತಾನೇ ಗೂಟ ಹೊಡೆಯಬೇಕು ಎಂದು ಅವಳ ಹಟ. ತಿರುವಿಗೆ ಬರುವ ಮೊದಲೇ ಯಂತ್ರದ ಸದ್ದು ಕೇಳಿಸಿತು.

"ಯಾರೋ ಪುಣ್ಯಾತ್ಮರು ನಿನ್ನ ಹುಲ್ಲೂ ಕೊಯ್ತಿದ್ದಾರೆ," ಎಂದೆ ನಾನು.

ಕೊಯ್ಯುತ್ತಿದ್ದರು. ಹತ್ತು ಹನ್ನೊಂದು ಜನ, ಮೂರು ತಲೆಮಾರು. ಎದೆಮಟ್ಟದ ಹುಲ್ಲು ನೆಲಕ್ಕೆ ಬಿದ್ದಿತ್ತು. ಅಕ್ಕ ಬೆರಳಿನಿಂದ ಮನೆ ಕಟ್ಟಿದ್ದ ಆ ಉಬ್ಬಿದ ಕಡೆ, ಜಾಗದ ಸರಿಮಧ್ಯದಲ್ಲಿ, ನಾಲ್ಕು ಗೋರಿಗಳಿದ್ದವು. ಹಸಿರು ಬೋಳು ತಲೆಗಳು. ಮುಂದಿನ ಎರಡಕ್ಕೆ ಎಡೆ ಇಡುವ ಕಲ್ಲಿನ ಹಲಗೆಯೂ ಇತ್ತು.

ಅಕ್ಕ ಚೀಲ ಕೆಳಗಿಡಲಿಲ್ಲ. ನಿಂತೇ ಇದ್ದಳು. ಗುಂಪಿನಲ್ಲಿದ್ದ ಹಿರಿಯ ನಮ್ಮನ್ನು ಕಂಡು ಮೇಲೆ ಬಂದ. ಜೋಳ ಮಾರುತ್ತಿದ್ದ ಅದೇ ಮುದುಕ. ಶಿಮ್ ಮನೆತನದವನು.

"ಜಾಗ ತಗೊಂಡೋಳು ನೀನೇ ಏನವ್ವಾ?" ಎಂದ. "ಬಾ, ಬಿಸಿಲಲ್ಲಿ ನಿಲ್ಲಬೇಡ. ಮೊದಲು ಒಂದು ಬಟ್ಟಲು ಅಕ್ಕಿ ಹೆಂಡ ಕುಡಿ."

"ಇವು ಯಾರವು?" ಎಂದೆ ನಾನು. ಈ ಸಲ ಅಕ್ಕ ಚಿವುಟಲಿಲ್ಲ.

"ನಮ್ಮ ಅಪ್ಪ ಅಮ್ಮ, ಅಜ್ಜ ಅಜ್ಜಿ. ನಮ್ಮ ಅಣ್ಣ ಹೊಲ ಮಾರ್ಕೊಂಡು ಪಟ್ಟಣ ಸೇರಿ ಮೂವತ್ತು ವರ್ಷ ಆಯ್ತು. ಆಮೇಲೆ ಅದು ಕೈಯಿಂದ ಕೈಗೆ ಹೋಯ್ತು. ನೆಲ ಹೋಗುತ್ತೆ, ಗೋರಿ ಹೋಗಲ್ಲವಲ್ಲ. ಇಷ್ಟು ಹಳೇ ಗೋರಿನ ಕೋರ್ಟೂ ಎಬ್ಬಿಸಲ್ಲ. ಸುತ್ತಲಿನ ಜಾಗ, ನಾವು ಬಂದು ಹೋಗೋ ದಾರಿ, ಅದೂ ನಮಗೇ. ಹೊಟ್ಟೆಗೆ ಹಾಕ್ಕೋಬೇಕವ್ವ."

"ಯಾವ ಕಾಗದದಲ್ಲೂ ಇದು ಇಲ್ಲವಲ್ಲ," ಎಂದೆ.

"ಗೋರಿ ಯಾಕಮ್ಮಾ ಕಾಗದದಲ್ಲಿರುತ್ತೆ? ನೆಲದಲ್ಲಿರುತ್ತೆ. ಅವತ್ತು ನೀವು ಅಲ್ಲಿ ಗೋರಿ ಇದೆಯಾ ಅಂತ ಒಂದು ಮಾತು ಕೇಳ್ತೀರೇನೋ ಅಂತ ನೋಡ್ದೆ. ಕೇಳದೇ ಇದ್ದೋರಿಗೆ ಹೇಳಿ, ವ್ಯಾಪಾರ ಕೆಡಿಸಿದ ಅನ್ನಿಸ್ಕೊಳ್ಳೋದು ನನಗ್ಯಾಕೆ ಅಂತ ಸುಮ್ಮನಾದೆ."

ಅಕ್ಕ ಆಗ ಬಾಯಿ ಬಿಟ್ಟಳು. "ಆ ಹೆಂಗಸಿಗೆ ಗೊತ್ತಿತ್ತಾ, ಯಜಮಾನ್ರೇ? ನಮ್ಮನ್ನ ವ್ಯಾನಲ್ಲಿ ಕರ್ಕೊಂಡು ಬಂದೋಳಿಗೆ?"

ಮುದುಕನ ಸೊಸೆ ಕುಡುಗೋಲು ಒರೆಸುತ್ತಾ ನಕ್ಕಳು. "ಗೊತ್ತಿಲ್ದೆ ಏನು? ಮೊದಲು ಬಂದು ಗೋರಿ ಬೇರೆ ಕಡೆ ಹಾಕ್ಕೊಳ್ಳಿ ಅಂದ್ಲು. ಮಾವ ಆಗಲ್ಲ ಅಂದ್ರು. ಆಮೇಲೆ ಎರಡು ಪೆಟ್ಟಿಗೆ ಮರಸೇಬು, ಒಂದು ಪೆಟ್ಟಿಗೆ ಸೋಜು ಸಾರಾಯಿ ತಗೊಂಡು ಬಂದ್ಲು. ನಾವು ವರ್ಷಕ್ಕೆ ಎರಡು ಸಲ ಕೊಯ್ತೀವಿ, ಜೂನ್‌ನಲ್ಲಿ ಒಂದು ಸಲ, ಹಬ್ಬಕ್ಕೆ ಒಂದು ಸಲ. ಈ ವರ್ಷ ಜೂನ್‌ನಲ್ಲಿ ಬೇಡ, ಹಬ್ಬಕ್ಕೆ ಒಟ್ಟಿಗೆ ಕೊಯ್ಕೊಳ್ಳಿ ಅಂತ ಕೈ ಮುಗಿದ್ಲು. ಯಾಕೆ ಅಂತ ನಮಗೂ ಹೊಳೀಲಿಲ್ಲ. ಬಿಸಿಲಲ್ಲಿ ಒಂದು ಕೆಲಸ ಉಳೀತು ಅಂದ್ಕೊಂಡ್ವಿ."

ಮುದುಕ ನಾಚಿ ತಲೆ ತಗ್ಗಿಸಿದ. ಸೋಜು ಕುಡಿದವನು ಅವನೇ ಇರಬೇಕು.

ಹುಲ್ಲು ಬೆಳೆದದ್ದು ಮಳೆಗಲ್ಲ ಎಂದು ಅಕ್ಕನಿಗೆ ಆಗ ಗೊತ್ತಾಯಿತು. ಬೆಳೆಸಿದ್ದರು.

ಶಿಮ್ ಮನೆಯವರು ಎಡೆ ಇಟ್ಟು, ಸಾಲಾಗಿ ನಿಂತು, ಮಂಡಿಯೂರಿ ಎರಡು ಸಲ ನಮಸ್ಕಾರ ಮಾಡಿದರು. ಆಮೇಲೆ ಆಲೂಗಡ್ಡೆ ದೋಸೆ, ಒಣಮೀನು, ಮರಸೇಬು ಹಂಚಿದರು. ಅಕ್ಕ ತನ್ನದೇ ನೆಲದಲ್ಲಿ ಅತಿಥಿಯ ಹಾಗೆ ಕೂತು ಕೊಟ್ಟದ್ದನ್ನೆಲ್ಲ ತಿಂದಳು. ಹಲ್ಲಿಲ್ಲದ ಕಡೆ ಒಣಮೀನು ಸಿಕ್ಕಿಕೊಂಡಿತು. ಬೆರಳು ಹಾಕಿ ತೆಗೆದಳು. ಏಳುವ ಮುಂಚೆ ಆ ನಾಲ್ಕು ಗೂಟಗಳನ್ನು ಮುದುಕನ ಸೊಸೆಗೆ ಕೊಟ್ಟಳು. "ಟೊಮೇಟೊ ಗಿಡಕ್ಕೆ ಆಗುತ್ತೆ," ಎಂದಳು.

*

ಯೊನ್ಶಿಲ್‌ಳ ಆಫೀಸು ಕೆಳಗಿನ ಪೇಟೆಯಲ್ಲಿ, ಬಸ್ ನಿಲ್ದಾಣದ ಎದುರಿಗೆ. ಗೋಡೆಯ ತುಂಬಾ ಬೆಟ್ಟದ ನಕ್ಷೆ, ಬಣ್ಣಬಣ್ಣದ ಚೌಕಗಳು. ನಮ್ಮನ್ನು ಕಂಡ ಕೂಡಲೇ ಅವಳ ಕಣ್ಣು ಅಕ್ಕನ ಬೂಟಿನ ಮೇಲೆ ಹೋಯಿತು. ಹಸಿ ಹುಲ್ಲು ಅಂಟಿಕೊಂಡಿತ್ತು. ಅಷ್ಟರಲ್ಲೇ ಅವಳಿಗೆ ಅರ್ಥವಾಯಿತು. ಚುರುಕು ಮೊದಲಿಂದಲೂ ಇತ್ತು.

"ಕೂತ್ಕೋ ಅಕ್ಕಾ. ಕಾಫಿ ಮಾಡ್ತೀನಿ."

ಅಕ್ಕ ಕೂತಳು. ಕಾಫಿ ಬಂತು. ಅವಳು ಬೈಯಲಿಲ್ಲ. ನಾನು ಬೈದೆ, ಗಿರಣಿಯ ಗೇಟಿನಲ್ಲಿ ಮ್ಯಾನೇಜರಿಗೆ ಬೈದ ಬೈಗುಳಗಳನ್ನೆಲ್ಲ ತೆಗೆದು. ಯೊನ್ಶಿಲ್ ಮಳೆ ನಿಲ್ಲಲಿ ಎಂದು ಕಾಯುವವಳ ಹಾಗೆ ಕೇಳಿಸಿಕೊಂಡಳು.

"ಮುಗೀತಾ ಗುನ್ಜಕ್ಕಾ? ಈಗ ನಾನು ಹೇಳ್ತೀನಿ. ನಾನೇನು ಸುಳ್ಳು ಹೇಳಿದೆ? ತಂಪಿದೆ ಅಂದೆ, ತಂಪಿದೆ. ಬಿಸಿಲು ಬೀಳುತ್ತೆ ಅಂದೆ, ಬೀಳುತ್ತೆ. ಅಲ್ಲಿ ಗೋರಿ ಇಲ್ಲ ಅಂತ ನಾನು ಅಂದ್ನಾ?" ಆಮೇಲೆ ಅಕ್ಕನ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ನೀನು ಕೇಳಲಿಲ್ಲವಲ್ಲ ಅಕ್ಕಾ. ಕೇಳಿದ್ರೆ ಹೇಳ್ತಿದ್ದೆ. ಆಣೆಗೂ ಹೇಳ್ತಿದ್ದೆ. ಕೇಳಬಾರದು ಅಂತ ಕಲಿಸಿದ್ದು ನೀನೇ ತಾನೆ?"

ನಾನು ಪೊಲೀಸರ ಏಟು ತಿಂದಿದ್ದೇನೆ, ಮಾಲೀಕರು ಕಳಿಸಿದ ಗೂಂಡಾಗಳು ನಮ್ಮ ಮೇಲೆ ಮಲ ಎರಚಿದ್ದನ್ನು ನೋಡಿದ್ದೇನೆ. ಅವರಿಂದ ಅದನ್ನೇ ನಿರೀಕ್ಷಿಸಿದ್ದೆವು, ಹಾಗಾಗಿ ತಡೆದುಕೊಂಡೆವು. ನಮ್ಮದೇ ಹಾಸಿಗೆಯಲ್ಲಿ ಮಲಗಿದವಳು ನಮ್ಮದೇ ಮಾತನ್ನು ಹರಿತ ಮಾಡಿ ನಮ್ಮ ಪಕ್ಕೆಗೆ ಇಡುತ್ತಾಳೆ ಎಂದು ಯಾವ ಸಭೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಯೊನ್ಶಿಲ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ನಿನ್ನನ್ನ ಮುಳುಗಿಸೋಕೆ ನನಗೆ ಮನಸ್ಸಿದೆಯಾ? ದಾರಿ ಇದೆ. ಮುಂದಿನ ಜುಲೈ ತನಕ ತಾಳ್ಕೋ. ಹುಲ್ಲು ಮತ್ತೆ ಬೆಳೆಯುತ್ತೆ. ಆಗ ಮಾರಿಸಿ ಕೊಡ್ತೀನಿ, ಕೊಟ್ಟಿದ್ದಕ್ಕಿಂತ ಜಾಸ್ತೀನೇ ಬರುತ್ತೆ. ನಮ್ಮ ಸಂಘದ ಹ್ವಾಜಾ ಗಂಡ ಸತ್ತ ಮೇಲೆ ಒಂದು ಜಾಗ ಹುಡುಕ್ತಾ ಇದ್ದಾಳೆ. ನೀನು ತಗೊಂಡಿದ್ದೀಯ ಅಂದ್ರೆ ಅವಳು ಕಣ್ಣು ಮುಚ್ಚಿ ತಗೋತಾಳೆ. ನಿನ್ನ ಮಾತು ಅಂದ್ರೆ ಎಲ್ರಿಗೂ ನಂಬಿಕೆ."

ಅಕ್ಕ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟಳು.

"ಯೊನ್ಶಿಲ್, ಒಂದು ಮಾತು ಕೇಳ್ತೀನಿ. ನಿನ್ನನ್ನ ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ."

"ಕೇಳಕ್ಕಾ."

"ಅವತ್ತು ನನ್ನ ಬದಲು ನಿನ್ನನ್ನ ಎತ್ಕೊಂಡು ಹೋಗಿದ್ರೆ, ನೀನು ನನ್ನ ಹೆಸರು ಹೇಳ್ತಿದ್ಯಾ?"

"ಅಕ್ಕಾ, ಅದ್ಯಾಕೆ ಈಗ..." ಎಂದಳು ಯೊನ್ಶಿಲ್. ಕಾಫಿ ಚಮಚ ಎತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು.

ಅಕ್ಕ ಎದ್ದಳು. ಬೂಟಿಗೆ ಅಂಟಿದ್ದ ಹುಲ್ಲನ್ನು ಆ ಆಫೀಸಿನ ಕಾಲೊರಸಿನ ಮೇಲೆ ನಿಧಾನವಾಗಿ ಒರೆಸಿ ಹೊರಗೆ ಬಂದಳು.

ವಕೀಲರ ಹತ್ತಿರ ನಾನೇ ಕರೆದುಕೊಂಡು ಹೋದೆ. ಹಳೇ ವಿದ್ಯಾರ್ಥಿ ಚಳವಳಿಯವರು, ಫೀಸು ಕೇಳಲಿಲ್ಲ. ಕಾಗದ ಓದಿ ತಲೆ ಅಲ್ಲಾಡಿಸಿದರು. ನೆಲ ಈಗ ಹೇಗಿದೆಯೋ ಹಾಗೆ ನೋಡಿ ಒಪ್ಪಿ ಕೊಂಡಿದ್ದೇನೆ ಎಂದು ಅದರಲ್ಲಿತ್ತು. ಜೂನ್‌ನ ಹುಲ್ಲಿನ ವಿಷಯಕ್ಕೆ ಸಾಕ್ಷಿ ಹೇಳಲು ಶಿಮ್ ಮುದುಕ ಸಿದ್ಧನಿದ್ದ. "ಹುಲ್ಲು ಕೊಯ್ಯಬೇಡಿ ಅನ್ನೋದು ಅಪರಾಧ ಅಂತ ಯಾವ ಜಡ್ಜು ಬರೀತಾರಮ್ಮಾ?" ಎಂದರು ವಕೀಲರು. "ವರ್ಷಗಟ್ಟಲೆ ಎಳೆಯುತ್ತೆ. ನಿಮ್ಮ ಉಸಿರು ಅಷ್ಟು ದಿನ ಬರುತ್ತಾ ನೋಡ್ಕೊಳ್ಳಿ."

*

ಆ ಚಳಿಗಾಲ ಅಕ್ಕ ಯಾರ ಜೊತೆಯೂ ಸೇರಲಿಲ್ಲ. ವಸಂತದ ಊಟಕ್ಕೂ ಬರಲಿಲ್ಲ. ನಾನು ಹ್ವಾಜಾಳಿಗೆ ವಿಷಯ ಹೇಳಿದೆ. ನನ್ನ ನಾಲಿಗೆಗೆ ಇನ್ನು ಬೀಗ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮೇ ತಿಂಗಳಲ್ಲಿ ಅಕ್ಕನ ತಾರಸಿ ಕೋಣೆಗೆ ಹೋದರೆ ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿ. ಬಾಡಿಗೆಯ ಮುಂಗಡ ವಾಪಸ್ಸು ತೆಗೆದುಕೊಂಡು ಖಾಲಿ ಮಾಡಿದ್ದಳು.

ಎಲ್ಲಿ ಎಂದು ಯೋಚಿಸಬೇಕಾಗಿರಲಿಲ್ಲ. ಸೊರಿಜೆಯ ತಿರುವಿನಲ್ಲಿ, ರಸ್ತೆಗೆ ಅಂಟಿದ ಅಂಚಿನಲ್ಲಿ, ಗೋರಿಗಳ ಪಾಲಿಗೆ ಬರದ ಒಂದು ಸೀಳು ನೆಲದ ಮೇಲೆ ಹಳೇ ಕಂಟೇನರ್ ಪೆಟ್ಟಿಗೆ ನಿಂತಿತ್ತು. ಬಾಗಿಲಿಗೆ ಪರದೆ, ಪಕ್ಕದಲ್ಲಿ ಎರಡು ಜಾಡಿ. ಅವಳು ಬಯಸಿದ ಮನೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಮಧ್ಯದ ಒಳ್ಳೆಯ ನೆಲ ಸತ್ತವರಿಗೆ, ಅಂಚಿನ ಕಲ್ಲು ಅವಳಿಗೆ.

ಅಕ್ಕ ಗೋರಿಯ ಮೇಲೆ ಮಂಡಿಯೂರಿ ಕುಡುಗೋಲು ಆಡಿಸುತ್ತಿದ್ದಳು. ಹುಲ್ಲು ಇನ್ನೂ ಗೇಣುದ್ದ ಕೂಡ ಇರಲಿಲ್ಲ.

"ಹಬ್ಬಕ್ಕೆ ನಾಲ್ಕು ತಿಂಗಳಿದೆ. ಯಾರಪ್ಪನ ಗೋರಿ ಅಂತ ಕೊಯ್ತಿದ್ದೀಯ?" ಎಂದೆ.

"ಶಿಮ್ ಅವರ ಅಪ್ಪಂದು. ಒಪ್ಪಿಗೆ ಕೇಳೇ ಶುರು ಮಾಡಿದ್ದೀನಿ," ಎಂದಳು. ಆ 'ಕೇಳೇ' ಎನ್ನುವುದನ್ನು ಒತ್ತಿ ಹೇಳಿದಳು. "ಹತ್ತು ದಿನಕ್ಕೊಂದು ಸಲ ಕೊಯ್ತೀನಿ. ಆ ಮೇಲಿನ ಜಾಗದಲ್ಲಿ ಎರಡಿವೆ, ಕೆಳಗೆ ಮೂರಿವೆ. ಅವುಗಳ ಮನೆಯವರನ್ನೂ ಹುಡುಕಿ ಕೇಳ್ದೆ. ಪುಕ್ಕಟೆ ಕೊಯ್ದುಕೊಡ್ತೀನಿ ಅಂದ್ರೆ ಯಾರು ಬೇಡ ಅಂತಾರೆ? ಒಟ್ಟು ಒಂಬತ್ತು ತಲೆ."

ಮೇಲಿನ ಜಾಗ, ಕೆಳಗಿನ ಜಾಗ ಎರಡೂ ಯೊನ್ಶಿಲ್‌ಳ ನಕ್ಷೆಯಲ್ಲಿ ಮಾರಾಟಕ್ಕಿದ್ದ ಬಣ್ಣದ ಚೌಕಗಳು.

ಜೂನ್ ಕಳೆಯಿತು, ಜುಲೈ ಬಂತು. ಸುತ್ತಲಿನ ಹುಲ್ಲು ಎದೆಮಟ್ಟಕ್ಕೆ ಏರಿತು. ಅದರ ನಡುವೆ ಒಂಬತ್ತು ಗೋರಿಗಳು ಮಾತ್ರ ನುಣ್ಣಗೆ ಬೋಳಾಗಿ ರಸ್ತೆಯಿಂದಲೇ ಕಾಣುತ್ತಿದ್ದವು. ಪ್ರತಿ ಗೋರಿಗೂ ರಸ್ತೆಯಿಂದ ಒಂದು ಕಾಲುದಾರಿ ಸವರಿದ್ದಳು. ಹಾವಿನ ನೆಪ ಹೇಳಲೂ ಜಾಗ ಉಳಿದಿರಲಿಲ್ಲ. ನಾನು ಆ ತಿಂಗಳು ಪೂರ್ತಿ ಅಲ್ಲೇ ಇದ್ದೆ. ಇಬ್ಬರೂ ಬೆಳಿಗ್ಗೆ ಕೊಯ್ಯುತ್ತಿದ್ದೆವು, ಮಧ್ಯಾಹ್ನ ಆಲೂಗಡ್ಡೆ ಬೇಯಿಸಿ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದೆವು. ಬಿಳೀ ವ್ಯಾನು ಮೊದಲ ವಾರ ಬಂದು ತಿರುವಿನಲ್ಲಿ ನಿಧಾನ ಮಾಡಿ, ನಿಲ್ಲಿಸದೆ ಹೋಯಿತು. ಎರಡನೇ ವಾರ ಯೊನ್ಶಿಲ್ ಒಬ್ಬಳೇ ಬಂದಳು. ಟೋಪಿ ಕೈಯಲ್ಲಿತ್ತು.

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ನನಗೂ ಮಕ್ಕಳಿದ್ದಾರೆ."

"ನಾನೇನು ಮಾಡ್ದೆ? ಹುಲ್ಲು ಕೊಯ್ತಿದ್ದೀನಿ."

"ಬೇಕಂತಲೇ ಮಾಡ್ತಿದ್ದೀಯ."

"ಹುಲ್ಲು ಕೊಯ್ಯೋದು ಅಪರಾಧ ಅಂತ ಯಾವ ಜಡ್ಜು ಬರೀತಾರೇ?"

"ನಿನ್ನ ಜಾಗ ನಾನೇ ವಾಪಸ್ ತಗೋತೀನಿ. ಕೊಟ್ಟಷ್ಟೇ ಕೊಡ್ತೀನಿ. ಕುಡುಗೋಲು ಕೆಳಗಿಡು."

ತಗೋ ಅಕ್ಕಾ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಆ ದುಡ್ಡಿನಲ್ಲಿ ಎಲ್ಲಾದರೂ ಒಂದು ತಣ್ಣನೆಯ ಕೋಣೆ ಸಿಗುತ್ತಿತ್ತು. ಅಕ್ಕ ಕುಡುಗೋಲಿನ ಅಲಗನ್ನು ಹೆಬ್ಬೆರಳಿನಿಂದ ನೋಡಿದಳು.

"ವಾಪಸ್ ತಗೊಂಡು ಏನು ಮಾಡ್ತೀಯ?" ಎಂದು ಕೇಳಿದಳು.

ಯೊನ್ಶಿಲ್ ಇಳಿಜಾರಿನ ಹುಲ್ಲಿನ ಕಡೆ ನೋಡಿದಳು. ಹುಲ್ಲು ಬೆಳೆಸುತ್ತಾಳೆ, ಇನ್ನೇನು ಮಾಡುತ್ತಾಳೆ.

"ಹೋಗು," ಎಂದಳು ಅಕ್ಕ. "ತಲೆಗೆ ಬಿಸಿಲು ಬಡಿಯುತ್ತೆ, ಟೋಪಿ ಹಾಕ್ಕೋ."

ಜುಲೈ ಕೊನೆಗೆ ಯೊನ್ಶಿಲ್ ಒಂದು ಬೇರೆ ಉಪಾಯ ಮಾಡಿದಳು. ಗಿರಾಕಿಗಳನ್ನು ಕೆಳಗಿನ ದಾರಿಯಿಂದ, ಗೋರಿ ಕಾಣದ ಕಡೆಯಿಂದ ಕರೆತಂದಳು. ಐವತ್ತರ ಆಸುಪಾಸಿನ ಗಂಡ ಹೆಂಡತಿ, ಬೆವರಿದ ಪಟ್ಟಣದ ಮುಖಗಳು, ತಂಪು ಗಾಳಿಗೆ ಆಗಲೇ ಅರಳಿದ್ದವು. ಹೆಂಡತಿ ಮಾತ್ರ ಗುಂಪಿನಿಂದ ತಪ್ಪಿಸಿಕೊಂಡು, ಸವರಿದ ಕಾಲುದಾರಿ ಹಿಡಿದು ಮೇಲೆ ಬಂದಳು. ಕೆಳಗಿನಿಂದ ಯೊನ್ಶಿಲ್ "ಅಮ್ಮಾ, ಹಾವಿದೆ! ಹಾವಿದೆ!" ಎಂದು ಕೂಗುತ್ತಿದ್ದಳು.

ಆ ಹೆಂಗಸು ಗೋರಿಯನ್ನೂ ಗೋರಿಯ ಮೇಲೆ ಕೂತ ಮುದುಕಿಯನ್ನೂ ನೋಡಿದಳು. "ಅಮ್ಮಾ, ಒಂದು ಮಾತು ಕೇಳಬಹುದಾ?" ಎಂದಳು.

ಅಕ್ಕ ಕುಡುಗೋಲನ್ನು ಹುಲ್ಲಿಗೆ ಒರೆಸಿ ಪಕ್ಕಕ್ಕಿಟ್ಟಳು. ಜಾಗ ಸರಿದು, ಆಲೂಗಡ್ಡೆ ಬೋಗುಣಿಯನ್ನು ಮುಂದೆ ತಳ್ಳಿದಳು.

"ಕೇಳು ತಾಯಿ," ಎಂದಳು. "ಎಷ್ಟು ಬೇಕಾದ್ರೂ ಕೇಳು. ಕೂತ್ಕೊಂಡೇ ಕೇಳು."

ಅಕ್ಕ ಬಾಯಿ ಮುಚ್ಚಿ ಮೂಗಿನಲ್ಲಿ ಸಲೀಸಾಗಿ ಉಸಿರಾಡುತ್ತಿದ್ದಳು. ಆ ಬೆಟ್ಟದ ಬಗ್ಗೆ ಯೊನ್ಶಿಲ್ ಹೇಳಿದ್ದರಲ್ಲಿ ಆ ತಂಪೊಂದು ನಿಜ.